ಕೊನೆಯ ಮಾತು ಯಾರದು?

ವೈಟ್‌ಫೀಲ್ಡ್ ಕಡೆಯ ಯಾವುದಾದರೂ ದೊಡ್ಡ ಆಸ್ಪತ್ರೆಯ ಐಸಿಯು ಮುಂದೆ ಒಂದು ರಾತ್ರಿ ಕೂತು ನೋಡಿ. ಸ್ಟೀಲ್ ಕುರ್ಚಿಗಳ ಮೇಲೆ ನಿದ್ದೆಗೆಟ್ಟ ಮಕ್ಕಳು, ತೊಡೆಯ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಊರಿಂದ ರಾತ್ರಿ ಬಸ್ಸಿಗೆ ಬಂದಿಳಿದ ಚಿಕ್ಕಪ್ಪ. ಹಾಸನದಿಂದಲೋ ಹಾವೇರಿಯಿಂದಲೋ ಮಗನ ಫ್ಲಾಟಿಗೆ ಬಂದಿದ್ದ ತಂದೆ ಒಳಗೆ ವೆಂಟಿಲೇಟರ್ ಮೇಲಿದ್ದಾರೆ. ಬೆಳಿಗ್ಗೆ ರೌಂಡ್ಸ್ ಮುಗಿಸಿದ ಡಾಕ್ಟರು ಹೊರಬಂದು, ‘ಮುಂದೇನು ಮಾಡೋಣ ಹೇಳಿ’ ಅನ್ನುತ್ತಾರೆ. ನ್ಯೂಜೆರ್ಸಿಯ ಅಣ್ಣ ವಾಟ್ಸಾಪ್‌ನಲ್ಲಿ ‘ಏನೇನಿದೆಯೋ ಎಲ್ಲಾ ಮಾಡ್ಸು’ ಎನ್ನುತ್ತಾನೆ. ದೂರ ಇದ್ದಷ್ಟೂ ಧೈರ್ಯ ಜಾಸ್ತಿ.

ಹಾಗಂತ ಅಪ್ಪ ಏನೂ ಹೇಳಿರಲಿಲ್ಲವೇ? ‘ಯಾರ ಕೈಲೂ ಮಾಡಿಸಿಕೊಳ್ಳದ ಹಾಗೆ ಹೋಗಿಬಿಡಬೇಕಪ್ಪ’ ಅನ್ನದ ಹಿರಿಯರು ಯಾವ ಮನೆಯಲ್ಲಿದ್ದಾರೆ? ‘ಬಿಡ್ತು ಅನ್ನಿ’ ಎಂದು ನಾವೇ ಅವರ ಬಾಯಿ ಮುಚ್ಚಿಸುತ್ತೇವೆ.

ಆ ಮಾತಿಗೆ ಈಗ ಕಾನೂನಿನ ಬಲ ಸಿಕ್ಕಿದೆ. 2025ರ ಜನವರಿ 30ರಂದು ರಾಜ್ಯದ ಆರೋಗ್ಯ ಇಲಾಖೆ, ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಪತ್ರಿಕೆಗಳು ಇದನ್ನು ‘ದಯಾಮರಣ’ ಎಂದು ಬರೆದು ಸ್ವಲ್ಪ ಗಾಬರಿಯನ್ನೇ ಎಬ್ಬಿಸಿದವು. ಚುಚ್ಚುಮದ್ದು ಕೊಟ್ಟು ಸಾಯಿಸುವುದು ಇಂದಿಗೂ ಅಪರಾಧವೇ. ಇಲ್ಲಿರುವುದು ಗುಣವಾಗುವ ಆಸೆಯೇ ಉಳಿಯದ ರೋಗಿಗೆ, ಜೀವವನ್ನು ಎಳೆದಾಡಿಸುವ ಚಿಕಿತ್ಸೆಯನ್ನು ನಿಲ್ಲಿಸುವ ಅಥವಾ ಶುರುಮಾಡದೇ ಇರುವ ಮಾತು.

ಇದರ ಬೇರು ನಮ್ಮ ಕರಾವಳಿಯಲ್ಲೇ ಇದೆ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಅರುಣಾ ಶಾನಭಾಗ. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬನ ದಾಳಿಗೆ ಸಿಕ್ಕಿ ಮಿದುಳಿಗೆ ಪೆಟ್ಟಾಯಿತು; 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅಲ್ಲೇ ಹಾಸಿಗೆ ಹಿಡಿದಿದ್ದರು. ಅರುಣಾಗೆ ಈ ಸ್ಥಿತಿಯಿಂದ ಬಿಡುಗಡೆ ಕೊಡಿ ಎಂದು ಕೋರಿದ ಪತ್ರಕರ್ತೆ ಪಿಂಕಿ ವಿರಾನಿ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಒಪ್ಪಲಿಲ್ಲ. ಅರುಣಾ ಬದುಕಿರಲಿ ಎಂದವರು ಅವರನ್ನು ಅಷ್ಟು ವರ್ಷ ನೋಡಿಕೊಂಡ ಕೆಇಎಂ ನರ್ಸುಗಳೇ. ಆದರೆ ಅದೇ ತೀರ್ಪು, ಹೈಕೋರ್ಟ್ ಅನುಮತಿಯಿದ್ದರೆ ಚಿಕಿತ್ಸೆ ಹಿಂತೆಗೆದುಕೊಳ್ಳಬಹುದು ಎಂದಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಘನತೆಯಿಂದ ಸಾಯುವುದನ್ನು ಸಂವಿಧಾನದ 21ನೇ ವಿಧಿಯ ಹಕ್ಕೆಂದು ಸಾರಿತು. ಆದರೆ ಆಗ ಇಟ್ಟ ವಿಧಿವಿಧಾನ ಎಷ್ಟು ಬಿಗಿಯಾಗಿತ್ತೆಂದರೆ, ಇಂಥ ಚಿಕಿತ್ಸೆ ತನಗೆ ಬೇಡವೆಂದು ಮೊದಲೇ ಬರೆದಿಡುವ ‘ಜೀವಂತ ಉಯಿಲಿಗೆ’ ಮ್ಯಾಜಿಸ್ಟ್ರೇಟರ ಸಹಿಯೇ ಬೇಕಿತ್ತು. 2023ರ ಜನವರಿಯಲ್ಲಿ ಕೋರ್ಟೇ ಅದನ್ನು ಸಡಿಲಿಸಿತು.

ಈಗಿನ ದಾರಿ ಹೀಗಿದೆ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು ಯಾರೇ ಆಗಲಿ, ಜೀವಂತ ಉಯಿಲು ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ತನ್ನ ಪರವಾಗಿ ತೀರ್ಮಾನ ಹೇಳುವವರ ಹೆಸರನ್ನು ಅದರಲ್ಲೇ ಸೂಚಿಸಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು. ಆ ಗಳಿಗೆ ಬಂದಾಗ ಆಸ್ಪತ್ರೆಯ ಪ್ರಾಥಮಿಕ ಮಂಡಳಿ ನೋಡುತ್ತದೆ: ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಇಬ್ಬರು ತಜ್ಞರು. ಆಮೇಲೆ ದ್ವಿತೀಯ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೊಬ್ಬರು ಇರಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟೂ 48 ಗಂಟೆಯೊಳಗೆ ಅಭಿಪ್ರಾಯ ಹೇಳಬೇಕು. ಚಿಕಿತ್ಸೆ ನಿಲ್ಲಿಸುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಉಯಿಲು ಇಲ್ಲದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಇದೇ ಕ್ರಮ ನಡೆಯುತ್ತದೆ.

ಆಸ್ತಿಗಾಗಿ ಮಕ್ಕಳು ದುರುಪಯೋಗ ಮಾಡಿಕೊಂಡರೆ ಎಂಬ ಪ್ರಶ್ನೆ ಏಳುತ್ತದೆ; ಎರಡೆರಡು ಮಂಡಳಿ ಇಟ್ಟಿರುವುದೇ ಅದಕ್ಕೆ. ನನ್ನ ಭಯ ಬೇರೆ: ಹಳೆಯ ರೂಢಿಯೇ ಮುಂದುವರಿದೀತು ಎಂಬುದು. ಇಷ್ಟು ದಿನ ಇಂಥ ತೀರ್ಮಾನಗಳು ಆಗುತ್ತಲೇ ಇರಲಿಲ್ಲ ಎಂದುಕೊಂಡರೆ ಅದು ಮುಗ್ಧತನ. ಬಿಲ್ಲು ಕೈಮೀರಿದ ದಿನ ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂಬ ಕಾಗದಕ್ಕೆ ಮಗ ಸಹಿ ಹಾಕುತ್ತಾನೆ, ಆಂಬುಲೆನ್ಸ್ ಊರ ದಾರಿ ಹಿಡಿಯುತ್ತದೆ. ಆಸ್ಪತ್ರೆಯ ಹೊಣೆ ಅಲ್ಲಿಗೆ ಮುಗಿಯಿತು. ಉಸಿರಿಗೆ ಒದ್ದಾಡುವ ಜೀವಕ್ಕೆ ನೋವಿನ ಔಷಧಿಯೂ ಇಲ್ಲ, ಪಕ್ಕದಲ್ಲಿ ನರ್ಸೂ ಇಲ್ಲ. ಆ ಸಹಿಯಲ್ಲಿ ಘನತೆ ಎಲ್ಲಿದೆ? ಮಗನಿಗಂತೂ ‘ನಾನೇ ಕೊಂದೆ’ ಎಂಬ ಕೊರಗು ಕೊನೆತನಕ.

ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ಅದನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. ಕುಂದಲಹಳ್ಳಿ ಗೇಟ್ ಬಳಿ, ವರ್ತೂರು ರಸ್ತೆಯ ಟ್ರಾಫಿಕ್ಕಿನ ಮಗ್ಗುಲಲ್ಲೇ ‘ಕರುಣಾಶ್ರಯ’ ಇದೆ. ಬೆಂಗಳೂರು ಹಾಸ್ಪೈಸ್ ಟ್ರಸ್ಟ್ 1999ರಿಂದ ಅಲ್ಲಿ, ಇನ್ನು ವಾಸಿಯಾಗದು ಎಂಬ ಹಂತದ ಕ್ಯಾನ್ಸರ್ ರೋಗಿಗಳನ್ನು ಬಿಡಿಗಾಸು ಪಡೆಯದೆ ನೋಡಿಕೊಳ್ಳುತ್ತಿದೆ. ನೋವು ತಗ್ಗಿಸುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಬಾಯಿ ಒಣಗದಂತೆ ಒದ್ದೆ ಮಾಡುವುದು, ಮನೆಯವರ ಜೊತೆ ಕೂತು ಮಾತಾಡುವುದು. ಅಲ್ಲಿನ ಕೆಲಸವೆಂದರೆ ಅಷ್ಟೇ, ಮತ್ತು ಅದೇ ಎಲ್ಲಾ. ಇಂಥ ಜಾಗಗಳು ಜಿಲ್ಲೆಗೊಂದಾದರೂ ಇಲ್ಲದೆ ಸರ್ಕಾರದ ಆದೇಶ ಅರ್ಧ ಕೆಲಸವೇ. ತಾಲ್ಲೂಕಿನ ಸಣ್ಣ ನರ್ಸಿಂಗ್ ಹೋಮುಗಳು ಎರಡು ಮಂಡಳಿಗೆ ತಜ್ಞರನ್ನು ಎಲ್ಲಿಂದ ತರಬೇಕು ಎಂಬುದಕ್ಕೂ ಇಲಾಖೆ ಉತ್ತರ ಹೇಳಬೇಕು.

 

ಜೀವಂತ ಉಯಿಲನ್ನು ಅಪ್ಪ-ಅಮ್ಮನ ಕೈಲಿ ಬರೆಸುವ ಮೊದಲು ನಿಮ್ಮದನ್ನು ಬರೆಯಿರಿ. ಐಸಿಯು ವಯಸ್ಸು ಕೇಳಿ ಸೇರಿಸಿಕೊಳ್ಳುವುದಿಲ್ಲ. ಒಂದು ಪ್ರತಿ ನಿಮ್ಮ ಮನೆ ಡಾಕ್ಟರಿಗೆ, ಒಂದು ನೀವು ಹೆಸರಿಸಿದವರಿಗೆ ಕೊಡಿ. ಬ್ಯಾಂಕ್ ಲಾಕರಿನಲ್ಲಿ ಮಾತ್ರ ಇಡಬೇಡಿ. ರಾತ್ರಿ ಎರಡು ಗಂಟೆಗೆ ಅದನ್ನು ಯಾರೂ ತೆಗೆದುಕೊಡುವುದಿಲ್ಲ.