ಕೈ ಕಳೆದುಕೊಂಡ ಉಕ್ಕಿನ ಭಟ

ಹೋದ ವರ್ಷ ಅಮೆರಿಕದ ಸಿಯಾಟಲ್ ಹತ್ತಿರ ಇರುವ ಮಗಳ ಮನೆಗೆ ಹೋಗಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಒಂದು ದಿನ ಹದಿನಾಲ್ಕರ ಮೊಮ್ಮಗನ ಕೋಣೆ ಗುಡಿಸಿ, ಮೇಜಿನ ಮೇಲೆ ಬಿದ್ದಿದ್ದ ಚೂರುಪಾರುಗಳನ್ನೆಲ್ಲ ಬಾಚಿ ಕಸದ ಬುಟ್ಟಿಗೆ ಹಾಕಿದೆ. ಆವತ್ತೇ ಕಸದ ಗಾಡಿಯೂ ಬಂದು ಹೋಯಿತು.

ಸಂಜೆ ಶಾಲೆಯಿಂದ ಬಂದವನು, "ಅಜ್ಜೀ, ಇಲ್ಲೊಂದು ಕೈ ಇತ್ತಲ್ಲಾ, ಎಲ್ಲಿ?" ಅಂದ. ನನ್ನ ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಅದು ಎರಡು ಅಂಗುಲ ಎತ್ತರದ ಯಂತ್ರಮಾನವನ ಕೈ ಎಂದು! ಹುಡುಗ ಕೂಗಾಡಲಿಲ್ಲ, ಊಟ ಬೇಡವೆಂದು ಬಾಗಿಲು ಹಾಕಿಕೊಂಡ. ಮಗಳು ಮೆಲ್ಲಗೆ, "ಮೂರು ವಾರದಿಂದ ಅದನ್ನೇ ಮಾಡ್ತಿದ್ದ ಕಣಮ್ಮಾ, ಶನಿವಾರ ಆಟ ಇದೆ" ಎಂದಳು. ಆ ರಾತ್ರಿ ನನಗೂ ಅನ್ನ ಸೇರಲಿಲ್ಲ.

ಮಾರನೆಯ ದಿನ ಅವನ ಪಕ್ಕ ಕೂತು, "ಇದೇನಪ್ಪಾ, ನನಗೂ ಸ್ವಲ್ಪ ಹೇಳಿಕೊಡು" ಎಂದೆ.

ಹೊಗೆ ಉಗುಳುವ ಯೋಧರು

ನಾವು ಚಿಕ್ಕವರಿದ್ದಾಗ ಕಲ್ಲಿದ್ದಲು ತಿಂದು ಕರಿಹೊಗೆ ಉಗುಳುವ ರೈಲು ನೋಡಿದ್ದೆವಲ್ಲವೇ? ಆ ಉಗಿಯಂತ್ರಗಳೇ ಬೆಳೆದು ನಡೆದಾಡುವ ಯೋಧರಾಗಿದ್ದರೆ ಹೇಗಿರುತ್ತಿತ್ತು ಎಂಬ ಕಲ್ಪನೆ ಇದು. ಉಗಿಯಂತ್ರ ಕಾಲದ ಇಂಥ ಕಥೆಗಳಿಗೆ ೧೯೮೭ರಲ್ಲಿ ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ 'ಸ್ಟೀಮ್‌ಪಂಕ್' ಎಂದು ಹೆಸರಿಟ್ಟರು. ಮೊಮ್ಮಗ ಆಡುವುದು 'ವಾರ್‌ಮಷೀನ್' ಎಂಬ ಆಟ. ೨೦೦೩ರಲ್ಲಿ ಪ್ರೈವೇಟಿಯರ್ ಪ್ರೆಸ್ ಎಂಬ ಅಮೆರಿಕದ ಸಂಸ್ಥೆ ಹೊರತಂದ ಇದು ೨೦೨೪ರಲ್ಲಿ ಇಂಗ್ಲೆಂಡಿನ ಸ್ಟೀಮ್‌ಫೋರ್ಜ್ಡ್ ಗೇಮ್ಸ್ ಪಾಲಾಯಿತು. ಇದರ ಯಂತ್ರಭಟರಿಗೆ 'ವಾರ್‌ಜ್ಯಾಕ್' ಎಂದು ಹೆಸರು. ಬೆನ್ನ ಮೇಲೆ ಬಾಯ್ಲರು, ಹೊಗೆಕೊಳವೆ. ಕೈಯಲ್ಲಿ ಕೊಡಲಿಯೋ ಸುತ್ತಿಗೆಯೋ. ಮೇಜಿನ ಮೇಲೆ ಟೇಪು ಹಿಡಿದು ಅಳೆದು ಭಟರನ್ನು ನಡೆಸಬೇಕು. ಏಟು ತಗುಲಿತೋ ಇಲ್ಲವೋ, ದಾಳ ಹೇಳುತ್ತದೆ.

ಬರೀ ಹುಡುಗಾಟ ಎನ್ನಬೇಡಿ. ಎಚ್. ಜಿ. ವೆಲ್ಸ್‌ರಂಥ ಲೇಖಕರೇ ೧೯೧೩ರಲ್ಲಿ ಆಟದ ಸಿಪಾಯಿಗಳ ಕಾಳಗಕ್ಕೆ ನಿಯಮಗಳ ಪುಸ್ತಕ ಬರೆದಿದ್ದರು.

ಉಪ್ಪಿನ ಕೈಚಳಕ

ಭಟ ಬಿಡಿಬಿಡಿಯಾಗಿ ಬರುತ್ತಾನೆ. ಅಚ್ಚಿನಿಂದ ಉಳಿದ ಗೆರೆಗಳನ್ನು ಸಣ್ಣ ಅರದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ ಅಂಟಿಸಬೇಕು. ಭಾರದ ಲೋಹದ ಕೈಯಾದರೆ ತೂತು ಕೊರೆದು ಒಳಗೊಂದು ತಂತಿ ಇಟ್ಟರೆ ಗಟ್ಟಿ. ಮೇಲೆ ಪ್ರೈಮರ್, ಆಮೇಲೆ ಬಣ್ಣ. ನೀರಾದ ಕಪ್ಪು ಬಣ್ಣ ಸಂದುಗಳಿಗೆ ಇಳಿದರೆ ನೆರಳು. ಬ್ರಷ್ಷಿನ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದದ್ದನ್ನು ಅಂಚುಗಳಿಗೆ ಸವರಿದರೆ ಹೊಳಪು.

ಹೋದ ಕೈಗೆ ಬದಲು ನಾವೇ ಒಂದು ಮಾಡಿದೆವು. ಅಳಿಯಂದಿರ ಕೆಟ್ಟ ಕೈಗಡಿಯಾರದ ಹಲ್ಲುಚಕ್ರ, ಹಳೇ ಗಿಟಾರಿನ ತಂತಿ, ರೀಫಿಲ್ಲಿನ ತುಂಡು, ಇಷ್ಟೇ ಸಾಮಾನು. ಆದರೆ ಮೈಯೆಲ್ಲ ತುಕ್ಕು, ಕೈ ಮಾತ್ರ ಹೊಸದು! ಅದಕ್ಕೂ ಉಪಾಯವಿದೆ. ಮೊದಲು ತುಕ್ಕಿನ ಬಣ್ಣ ಬಳಿದು ಒಣಗಿಸಿ, ನೀರು ಸವರಿ ಅಲ್ಲಲ್ಲಿ ಅಡಿಗೆ ಉಪ್ಪು ಉದುರಿಸಬೇಕು. ಅದು ಒಣಗಿ ಅಂಟಿಕೊಂಡ ಮೇಲೆ ಹಸಿರು ಬಣ್ಣ ಸಿಂಪಡಿಸಬೇಕು. ಅದೂ ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಉಪ್ಪು ಉದುರಿ, ಕೆಳಗಿನ ತುಕ್ಕು ಇಣುಕುತ್ತದೆ. ಉಪ್ಪಿನ ಕೆಲಸ ನನ್ನದೇ ಆಯಿತು. ನಲವತ್ತು ವರ್ಷ ಪಲ್ಯಕ್ಕೆ ಉದುರಿಸಿದ ಕೈ, ಅಳತೆ ತಪ್ಪುತ್ತದೆಯೇ?

ತಾಯಂದಿರ ಗಮನಕ್ಕೆ

* ಪ್ರೈಮರ್ ಸಿಂಪಡಿಸುವುದು ಮನೆಯ ಹೊರಗೆ. ಅಂಟು ಬಳಸುವಾಗ ಕಿಟಕಿ ತೆರೆದಿರಲಿ.
* ತುದಿ ಚೂಪಾಗಲೆಂದು ಬ್ರಷ್ಷನ್ನು ಬಾಯಿಗಿಡುವ ಅಭ್ಯಾಸ ಬಿಡಿಸಿ.
* ಹಳೆಯ ಲೋಹದ ಗೊಂಬೆಗಳಲ್ಲಿ ಸೀಸ ಇರುವುದುಂಟು. ಊಟದ ಮೇಜಿನ ಮೇಲೆ ಅರ ಹಾಕುವುದು ಬೇಡ. ಕೈ ತೊಳೆಯದೆ ತಿಂಡಿ ಮುಟ್ಟಬಾರದು.
* ರೆಸಿನ್ ಗೊಂಬೆಯನ್ನು ಒದ್ದೆ ಮಾಡಿಯೇ ಉಜ್ಜಬೇಕು; ಮೂಗಿಗೆ ಮಾಸ್ಕ್ ಇರಲಿ.
* ಬ್ಲೇಡು, ಅಂಟು ಪುಟ್ಟ ಮಕ್ಕಳ ಕೈಗೆ ಸಿಗದಿರಲಿ.

ಶನಿವಾರದ ಆಟದಲ್ಲಿ ಹುಡುಗ ಸೋತ. ಆದರೂ ಗೆಳೆಯರಿಗೆಲ್ಲ ಆ ಭಟನನ್ನು ತೋರಿಸಿ, "ಈ ಕೈ ನಮ್ಮ ಅಜ್ಜಿ ಮಾಡಿದ್ದು" ಅಂದನಂತೆ. ಮಗಳು ಹೇಳಿದಾಗ ಕಣ್ಣು ತುಂಬಿ ಬಂತು.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಏನಾದರೂ ಚೂರುಪಾರು ಹರಡಿಕೊಂಡು ಕೂತಿರಬಹುದು. ಪೊರಕೆ ಹಿಡಿಯುವ ಮುಂಚೆ ಒಂದು ಮಾತು ಕೇಳಿ ಬಿಡಿ.