ಮುಟ್ಟು ನಿಲ್ಲುವ ಮೊದಲೇ ಶುರುವಾಗುವ ಲೆಕ್ಕ: ಟೈಪ್ 1 ಮಧುಮೇಹ ಮತ್ತು ಬಸಿರಿನ ಮೊದಲ ವಾರಗಳು

(ವಿಭಾಗದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಮಾತಿನ ಲಿಖಿತ ರೂಪ. ಆಡುಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ನನ್ನ ಧ್ವನಿ ಕೇಳ್ತಾ ಉಂಟಲ್ಲ? ಸರಿ.

ಗಡಿನಾಡ ಕನ್ನಡಿಗರ ಬಗೆಗಿನ ಈ ಸರಣಿಯಲ್ಲಿ ಶಾಲೆ, ಆಡಳಿತ ಭಾಷೆ, ಯಕ್ಷಗಾನ ಇವುಗಳ ಬಗ್ಗೆ ಒಳ್ಳೆಯ ಮಾತುಗಳು ಬಂದಿವೆ. ನಾನು ಆಯ್ದುಕೊಂಡದ್ದು ಆರೋಗ್ಯವನ್ನು, ಅದರಲ್ಲೂ ಬಹಳ ಸಣ್ಣ ಅವಧಿಯೊಂದನ್ನು. ಟೈಪ್ 1 ಮಧುಮೇಹ ಇರುವ ಹೆಣ್ಣುಮಗಳು ಬಸಿರಾದಾಗ ಮೊದಲ ಹನ್ನೆರಡು ವಾರಗಳಲ್ಲಿ ಏನಾಗುತ್ತದೆ, ಆಗ ಮನೆಯವರಿಗೆ ಏನು ಗೊತ್ತಿರಬೇಕು ಎನ್ನುವುದು ವಿಷಯ.

ನಾನು ವೈದ್ಯೆ ಅಲ್ಲ, ಭಾಷಾ ವಿಭಾಗದ ಸಂಶೋಧನ ವಿದ್ಯಾರ್ಥಿನಿ. ಊರು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕು. 12ನೇ ವಯಸ್ಸಿನಿಂದ ನನಗೆ ಟೈಪ್ 1 ಉಂಟು. ಈಗ ಮೂರು ವರ್ಷದ ಮಗಳಿದ್ದಾಳೆ. ನಾನು ಹೇಳುವ ಗುರಿಸಂಖ್ಯೆಗಳು ಅಂತಾರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಇರುವಂಥವು. ಆದರೆ ಯಾರ ಡೋಸ್ ಎಷ್ಟು ಎನ್ನುವುದನ್ನು ಅವರವರ ವೈದ್ಯರೇ ಹೇಳಬೇಕು.

ಒಂದು ಹೆಸರು, ಮೂರು ಕಾಯಿಲೆ

ನಮ್ಮ ಕಡೆ ಎಲ್ಲವೂ 'ಶುಗರ್'. ಅಜ್ಜನಿಗೂ ಶುಗರ್, ನೆರೆಮನೆಯ ಬಸುರಿಗೂ ಶುಗರ್, ನನಗೂ ಶುಗರ್. ಹಿರಿಯರು ಸಕ್ಕರೆ ಕಾಯಿಲೆ ಅಂತಾರೆ. ಆರೋಗ್ಯ ಕೇಂದ್ರದ ಗೋಡೆಯಲ್ಲಿ ಮಲಯಾಳದಲ್ಲಿ 'ಪ್ರಮೇಹಂ' ಅಂತ ಬರೆದಿರುತ್ತದೆ. ಅದನ್ನು ನನ್ನ ಅಜ್ಜಿಗೆ ಓದಿ ಹೇಳಿದಾಗ ಅವರ ಮುಖ ಸಣ್ಣದಾಯಿತು. ಅವರ ಕಿವಿಗೆ 'ಮೇಹ' ಅಂದ್ರೆ ನಾಲ್ಕು ಜನರೆದುರು ಹೇಳಬಾರದ ಕಾಯಿಲೆ.

ಹೆಸರು ಒಂದೇ ಆದರೂ ಕಾಯಿಲೆಗಳು ಬೇರೆ. ಅಜ್ಜನದ್ದು ಟೈಪ್ 2: ದೇಹದಲ್ಲಿ ಇನ್ಸುಲಿನ್ ಉಂಟು, ಅದು ಸಾಕಷ್ಟು ಕೆಲಸ ಮಾಡುವುದಿಲ್ಲ. ನೆರೆಮನೆಯವಳದ್ದು ಬಸಿರಿನಲ್ಲಿ ಕಾಣಿಸಿಕೊಳ್ಳುವ ಮಧುಮೇಹ. ಹೆಚ್ಚಾಗಿ 24ರಿಂದ 28ನೇ ವಾರದ ಪರೀಕ್ಷೆಯಲ್ಲಿ ಗೊತ್ತಾಗಿ, ಹೆರಿಗೆಯ ನಂತರ ಸಾಮಾನ್ಯವಾಗಿ ಇಳಿಯುತ್ತದೆ. ನನ್ನದರಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಮಾಡಿದೆ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಬದುಕಿಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಮೊದಲ ಸಲ ಮನುಷ್ಯರಿಗೆ ಇನ್ಸುಲಿನ್ ಕೊಟ್ಟರು. ಅದಕ್ಕೆ ಮೊದಲು ಇಂಥ ಮಕ್ಕಳು ತಾಯಿಯಾಗುವ ವಯಸ್ಸಿಗೆ ಬರುವುದೇ ಅಪರೂಪವಾಗಿತ್ತು.

ಹೆಸರು ಒಂದೇ ಆದಾಗ ಸಲಹೆಗಳೂ ಕಲಸಿಹೋಗ್ತವೆ. "ಬಸುರಿಯರು ಮದ್ದು ತಗೊಳ್ಳಬಾರ್ದು, ಇಂಜೆಕ್ಷನ್ ನಿಲ್ಲಿಸು" ಅಂತ ನನಗೂ ಹೇಳಿದವರಿದ್ದಾರೆ. ತಾಯಿಯ ರಕ್ತದ ಗ್ಲೂಕೋಸ್ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಇನ್ಸುಲಿನ್ ಹೆಚ್ಚುಕಡಿಮೆ ದಾಟುವುದೇ ಇಲ್ಲ. ಅಂದರೆ ಮಗುವನ್ನು ಮುಟ್ಟುವುದು ಇಂಜೆಕ್ಷನ್ ಅಲ್ಲ, ಇಂಜೆಕ್ಷನ್ ಬಿಟ್ಟರೆ ಏರುವ ಸಕ್ಕರೆ.

ಮೊದಲ ವಾರಗಳೇ ಯಾಕೆ?

ವೈದ್ಯರು ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸ್ತಾರೆ. ಹಾಗೆ ಎಣಿಸಿದರೆ ಮುಟ್ಟು ತಪ್ಪುವಾಗಲೇ ನಾಲ್ಕು ವಾರ ಕಳೆದಿರುತ್ತದೆ. ಮಿದುಳು, ಬೆನ್ನುಹುರಿ ಆಗುವ ನರನಾಳ ಮುಚ್ಚಿಕೊಳ್ಳುವುದು ಆರನೇ ವಾರದ ಹೊತ್ತಿಗೆ. ಹೃದಯ ಬಡಿಯಲು ಶುರುವಾಗುವುದೂ ಆಗಲೇ. ಹತ್ತನೇ ವಾರಕ್ಕೆ ಮುಖ್ಯ ಅಂಗಗಳ ರಚನೆ ಬಹುಪಾಲು ಮುಗಿದಿರುತ್ತದೆ. ಆ ದಿನಗಳಲ್ಲಿ ರಕ್ತದ ಸಕ್ಕರೆ ಬಹಳ ಹೆಚ್ಚಿದ್ದರೆ ಅಂಗದೋಷದ ಅಪಾಯವೂ ಗರ್ಭಪಾತದ ಅಪಾಯವೂ ಏರುತ್ತದೆ.

ಈಗ ನಮ್ಮ ವ್ಯವಸ್ಥೆಯನ್ನು ನೋಡಿ. ಬಸುರಿಯರ ನೋಂದಣಿ 12 ವಾರದೊಳಗೆ ಆಗಬೇಕು ಎನ್ನುವುದು ದೇಶದ ಗುರಿ. ಉಳಿದವರಿಗೆ ಅದು ಒಳ್ಳೆಯ ಗುರಿಯೇ. ಟೈಪ್ 1 ಇರುವವಳಿಗೆ ಮಾತ್ರ 12ನೇ ವಾರ ಅಂದ್ರೆ ಪರೀಕ್ಷೆ ಬರೆದು ಮುಗಿದ ಮೇಲೆ ಪುಸ್ತಕ ತೆರೆದ ಹಾಗೆ.

ಇದು ನನಗೆ ಗೊತ್ತಾದದ್ದು ತಡವಾಗಿ. ಮೊದಲ ಬಸಿರು ಗೊತ್ತಾಗುವಾಗ ಎಂಟು ವಾರ ದಾಟಿತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.2 ಇತ್ತು. ಹತ್ತನೇ ವಾರದಲ್ಲಿ ಅದು ನಿಂತುಹೋಯಿತು. ಸಕ್ಕರೆಯಿಂದಲೇ ಹಾಗಾಯ್ತು ಅಂತ ಯಾರೂ ಹೇಳಲಾರರು. ಮಧುಮೇಹ ಇಲ್ಲದವರಿಗೂ ಹಾಗಾಗುತ್ತದೆ. "ನೀನು ಜಾಗ್ರತೆ ಮಾಡಬೇಕಿತ್ತು" ಅಂತ ಹೇಳುವವರು ಇದ್ದರು. ಆದರೆ ಹನ್ನೆರಡನೇ ವಯಸ್ಸಿನಿಂದ ಆಸ್ಪತ್ರೆಗೆ ಹೋಗ್ತಿದ್ದ ನನಗೆ ಒಬ್ಬರೂ ಒಂದೇ ಒಂದು ವಾಕ್ಯ ಹೇಳಿರಲಿಲ್ಲ: ಮಗು ಬೇಕು ಅನಿಸಿದರೆ ಮೂರು ತಿಂಗಳು ಮೊದಲೇ ಬಾ.

ಮೂರು ತಿಂಗಳ ತಯಾರಿ

ಎರಡನೇ ಸಲ ಹಾಗೆ ಹೋದೆ. ಆಗ ಕಲಿತದ್ದನ್ನು ಚುಟುಕಾಗಿ ಹೇಳ್ತೇನೆ.

ಬಸಿರಿಗೆ ಮುಂಚೆ ಎಚ್‌ಬಿಎ1ಸಿ 6.5ರ ಕೆಳಗೆ ತರುವುದು ಗುರಿ, ಅದೂ ಪದೇಪದೇ ಸಕ್ಕರೆ ತಳಕ್ಕೆ ಬೀಳದೆ ಸಾಧ್ಯವಾದರೆ. 10ಕ್ಕಿಂತ ಮೇಲಿದ್ದರೆ ಇಳಿಯುವವರೆಗೆ ಬಸಿರು ಮುಂದೂಡಿ ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. 9ರಿಂದ 8ಕ್ಕೆ ಇಳಿಸಿದರೂ ಅಪಾಯ ಕಡಿಮೆಯಾಗುತ್ತದೆ, 6.5 ಮುಟ್ಟಲಿಲ್ಲ ಅಂತ ಕೈಚೆಲ್ಲಬೇಕಾಗಿಲ್ಲ.

ಫೋಲಿಕ್ ಆಸಿಡ್ ಇನ್ನೊಂದು. ಸಾಮಾನ್ಯವಾಗಿ ಕೊಡುವ ಸಣ್ಣ ಡೋಸ್ ಅಲ್ಲ. ಮಧುಮೇಹ ಇರುವವರಿಗೆ ಅದೇ ಮಾರ್ಗಸೂಚಿ ಹೇಳುವುದು ದಿನಕ್ಕೆ 5 ಮಿಲಿಗ್ರಾಂ, ಬಸಿರಿಗೆ ಮುಂಚಿನಿಂದ 12ನೇ ವಾರದವರೆಗೆ. ಇದಕ್ಕೆ ವೈದ್ಯರ ಚೀಟಿ ಬೇಕು. ಕಣ್ಣಿನ ಅಕ್ಷಿಪಟಲದ ಪರೀಕ್ಷೆಯೂ ಆಗಬೇಕು. ಮೊದಲೇ ತೊಂದರೆ ಇದ್ದರೆ ಬಸಿರಿನಲ್ಲಿ ಅದು ಹೆಚ್ಚಬಹುದು. ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಇದರ ಜೊತೆಗೆ. ರಕ್ತದೊತ್ತಡಕ್ಕೆ, ಕೊಲೆಸ್ಟ್ರಾಲ್‌ಗೆ ಮಾತ್ರೆ ತಗೊಳ್ಳುವವರಾದರೆ ಅವುಗಳಲ್ಲಿ ಕೆಲವನ್ನು ಬದಲಿಸಬೇಕು. ಬದಲಿಸುವುದು ವೈದ್ಯರು, ನಾವಾಗಿಯೇ ನಿಲ್ಲಿಸುವುದಲ್ಲ.

ಬಸಿರಾದ ಮೇಲೆ ದಿನದ ಗುರಿ ಇನ್ನೂ ಬಿಗಿ: ಖಾಲಿ ಹೊಟ್ಟೆಗೆ 70ರಿಂದ 95, ಊಟವಾಗಿ ಒಂದು ಗಂಟೆಗೆ 140 ಮೀರಬಾರದು, ಎರಡು ಗಂಟೆಗೆ 120 ಮೀರಬಾರದು. ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ. ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರಿಗೆ ಗುರಿ ಬೇರೆ ರೀತಿಯದು: ದಿನದ 70 ಶೇಕಡಕ್ಕಿಂತ ಹೆಚ್ಚು ಹೊತ್ತು 63ರಿಂದ 140ರ ನಡುವೆ ಇರಬೇಕು. ಅಂದರೆ 24 ಗಂಟೆಯಲ್ಲಿ ಸುಮಾರು 17 ಗಂಟೆ. ಉಳಿದ ಏಳು ಗಂಟೆ ಹೆಚ್ಚುಕಡಿಮೆ ಆದೀತು ಅಂತ ಮಾರ್ಗಸೂಚಿಯೇ ಒಪ್ಪುತ್ತದೆ ಎನ್ನುವುದು ನನಗೆ ದೊಡ್ಡ ಸಮಾಧಾನ ಕೊಟ್ಟ ಲೆಕ್ಕ. ಸೆನ್ಸರ್‌ನಿಂದ ಮಗುವಿಗೂ ಪ್ರಯೋಜನ ಉಂಟು ಅಂತ 2017ರಲ್ಲಿ ಪ್ರಕಟವಾದ ಕಾನ್ಸೆಪ್ಟ್ ಎನ್ನುವ ಬಹುರಾಷ್ಟ್ರೀಯ ಅಧ್ಯಯನ ತೋರಿಸಿತು. ಆದರೆ ಅದು ಎಲ್ಲರ ಕೈಗೆಟಕುವುದಿಲ್ಲ. ಬೆರಳು ಚುಚ್ಚಿ ದಿನಕ್ಕೆ ಏಳೆಂಟು ಸಲ ನೋಡಿಯೂ ನಿಭಾಯಿಸಬಹುದು. ನಾನು ಮಾಡಿದ್ದು ಹಾಗೆಯೇ.

ಏರಿ ಇಳಿಯುವ ಇನ್ಸುಲಿನ್

ಬಸಿರಿನಲ್ಲಿ ಇನ್ಸುಲಿನ್ ಹೆಚ್ಚು ಬೇಕಾಗ್ತದೆ ಅಂತ ಎಲ್ಲರೂ ಹೇಳ್ತಾರೆ. ಕೊನೆಯ ತಿಂಗಳುಗಳಿಗೆ ಅದು ಸತ್ಯ, ಕೆಲವರಿಗೆ ದುಪ್ಪಟ್ಟು ಬೇಕಾಗುತ್ತದೆ. ಆದರೆ ಮೊದಲ ತಿಂಗಳುಗಳ ಕತೆ ಬೇರೆ. ಮೊದಲ ಕೆಲವು ವಾರ ಸ್ವಲ್ಪ ಏರಿ, ಸುಮಾರು 9ರಿಂದ 16ನೇ ವಾರದ ನಡುವೆ ಬೇಡಿಕೆ ಇಳಿಯುತ್ತದೆ. ನನಗೆ ದಿನಕ್ಕೆ 38 ಯೂನಿಟ್ ಇದ್ದದ್ದು ಏಳನೇ ವಾರದಲ್ಲಿ 42 ಆಯ್ತು, ಹನ್ನೊಂದನೇ ವಾರದಲ್ಲಿ 33ಕ್ಕೆ ಬಂತು. ಒಂದು ಕಡೆ ಗುರಿ ಬಿಗಿ, ಇನ್ನೊಂದು ಕಡೆ ಬೇಡಿಕೆ ಇಳಿತ, ಅದರ ಮೇಲೆ ವಾಂತಿ. ಹಾಗಾಗಿ ಸಕ್ಕರೆ ತೀರಾ ಇಳಿದು ಇನ್ನೊಬ್ಬರ ಸಹಾಯ ಬೇಕಾಗುವ ಪ್ರಸಂಗಗಳು ಈ ಮೊದಲ ಮೂರು ತಿಂಗಳಲ್ಲೇ ಅತಿ ಹೆಚ್ಚು. ಬೆವರು, ನಡುಕದಂಥ ಮುನ್ಸೂಚನೆಗಳೂ ಮಂಕಾಗಬಹುದು.

ಒಂದು ರಾತ್ರಿಯ ಘಟನೆ ಹೇಳ್ತೇನೆ. ಹತ್ತನೇ ವಾರ. ಗಂಡನಿಗೆ ಮಂಗಳೂರಿನಲ್ಲಿ ರಾತ್ರಿ ಪಾಳಿ. ಬೆಳಗಿನ ಜಾವ ಮೂರು ಗಂಟೆಗೆ ನನ್ನ ನರಳಾಟ ಕೇಳಿ ಅತ್ತೆ ಬಂದರು. ಬಟ್ಟೆಯೆಲ್ಲ ಬೆವರಿಗೆ ಒದ್ದೆ. ನಾನು "ಸಕ್ಕರೆ, ಸಕ್ಕರೆ" ಅಂತಿದ್ದೆನಂತೆ. ಅತ್ತೆ ಡಬ್ಬಿ ತಂದರು, ಆದರೆ ಕೈಯಲ್ಲೇ ಹಿಡಿದು ನಿಂತರು. ಮಗನಿಗೆ ಫೋನ್ ಮಾಡಿ ಕೇಳಿದರು: "ಶುಗರ್ ಇರುವವಳಿಗೆ ಸಕ್ಕರೆ ಕೊಡುವುದು ಹೇಗೆ ಮಾರಾಯಾ? ಹೊಟ್ಟೆಯಲ್ಲಿ ಮಗು ಬೇರೆ ಉಂಟು." ಅವರು ಹೇಳಿದ್ದು, "ಅಮ್ಮಾ, ಮೊದಲು ಕೊಡಿ, ಮತ್ತೆ ಮಾತಾಡುವ."

ಸಕ್ಕರೆ ನೀರು ಕುಡಿದ ಮೇಲೆ ನೋಡಿದರೂ ಮೀಟರ್ 48 ತೋರಿಸ್ತಿತ್ತು. ಅತ್ತೆಯದ್ದು ತಪ್ಪು ಅಂತ ನಾನು ಒಂದು ದಿನವೂ ಹೇಳಲಿಲ್ಲ. ಅವರನ್ನು ತಡೆದದ್ದು ಕಾಯಿಲೆಯ ಹೆಸರು. 'ಸಕ್ಕರೆ ಕಾಯಿಲೆ' ಎನ್ನುವ ಶಬ್ದದೊಳಗೆ ಸಕ್ಕರೆ ವಿಷ ಎನ್ನುವ ಅರ್ಥ ಕೂತಿದೆ. ಅದೇ ಸಕ್ಕರೆ ಮದ್ದೂ ಆಗುವ ಗಳಿಗೆಯನ್ನು ಅವರಿಗೆ ಅವರ ಭಾಷೆಯಲ್ಲಿ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮರುದಿನ ಒಂದು ಕಾಗದ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅದು ಹೀಗಿತ್ತು:

1. ಬೆವರು, ನಡುಕ, ತೊದಲು ಮಾತು ಕಂಡರೆ ಮೀಟರ್ ಹುಡುಕುತ್ತಾ ಕೂರಬೇಡಿ. ಎಚ್ಚರ ಇದ್ದು ನುಂಗಲು ಆಗುವುದಾದರೆ ಮೂರು ತುಂಬು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ.
2. 15 ನಿಮಿಷ ಬಿಟ್ಟು ಮೀಟರ್‌ನಲ್ಲಿ ನೋಡಿ. 70ರ ಕೆಳಗೆ ಇದ್ದರೆ ಇನ್ನೊಮ್ಮೆ ಕೊಡಿ.
3. ಸರಿಯಾದ ಮೇಲೆ ಏನಾದರೂ ತಿನ್ನಲು ಕೊಡಿ.
4. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಸಕ್ಕರೆ ಹೀಗೆ ಇಳಿದರೆ ಮಗುವಿನ ಅಂಗಗಳಿಗೆ ದೋಷ ಬರುತ್ತದೆ ಎನ್ನುವುದಕ್ಕೆ ಮನುಷ್ಯರ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ. ಅಪಾಯ ತಾಯಿಯ ಜೀವಕ್ಕೆ.

ವಾಂತಿ ಮತ್ತು ಗಂಜಿ

ವಾಂತಿ ಇರುವ ದಿನಗಳಲ್ಲಿ "ಏನೂ ತಿನ್ನಲಿಲ್ಲ, ಹಾಗಾದರೆ ಇಂಜೆಕ್ಷನ್ ಬೇಡ" ಅಂತ ಅನಿಸುತ್ತದೆ. ಊಟದ ಇನ್ಸುಲಿನ್ ಕಡಿಮೆ ಮಾಡಬೇಕಾದೀತು, ಕೆಲವೊಮ್ಮೆ ಊಟವಾದ ಮೇಲೆ ಕೊಡಲು ವೈದ್ಯರು ಹೇಳಿಯಾರು. ಆದರೆ ದಿನವಿಡೀ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ರಕ್ತದಲ್ಲಿ ಕೀಟೋನ್ ಎನ್ನುವ ಆಮ್ಲಗಳು ಸೇರಿಕೊಳ್ತವೆ. ಬಸಿರಿನಲ್ಲಿ ಸಕ್ಕರೆ 200 ದಾಟದೆಯೂ ಇದು ಆಗಬಹುದು, ಮತ್ತು ಇದರಿಂದ ತಾಯಿ ಮಗು ಇಬ್ಬರಿಗೂ ಪ್ರಾಣಾಪಾಯ. ಕೀಟೋನ್ ಪಟ್ಟಿ ಮನೆಯಲ್ಲಿರಬೇಕು. ವಾಂತಿ ನಿಲ್ಲದೆ ಕೀಟೋನ್ ಕಂಡರೆ ಬೆಳಗಾಗಲಿ ಅಂತ ಕಾಯುವುದು ಬೇಡ, ಆಸ್ಪತ್ರೆಗೆ ಹೊರಡಬೇಕು.

ವಾಂತಿಗೆ ನಮ್ಮ ಮನೆಗಳಲ್ಲಿ ಕೊಡುವುದು ಗಂಜಿ ತಿಳಿ. ಒಳ್ಳೆಯದೇ. ಆದರೆ "ಕುಚ್ಚಲಕ್ಕಿಗೆ ಶುಗರ್ ಏರುವುದಿಲ್ಲ" ಎನ್ನುವ ನಂಬಿಕೆಯನ್ನು ಬಿಡಬೇಕು. 30 ಗ್ರಾಂ ಅಕ್ಕಿಯಲ್ಲಿ, ಬೆಳ್ತಿಗೆಯಾಗಲಿ ಕುಚ್ಚಲಾಗಲಿ, ಸುಮಾರು 23 ಗ್ರಾಂ ಪಿಷ್ಟ ಉಂಟು. ನಾನು ಅಕ್ಕಿಯನ್ನು ಒಂದು ತಿಂಗಳು ತಕ್ಕಡಿಯಲ್ಲಿ ತೂಗಿದೆ. ಆಮೇಲೆ ನಮ್ಮ ಮನೆಯ ಒಂದು ಗಿಂಡಿ ಅಳತೆ ಸಾಕಾಯ್ತು. ಇಂಗ್ಲಿಷ್ ಚಾರ್ಟಿನ ಬ್ರೆಡ್, ಓಟ್ಸ್ ಲೆಕ್ಕಕ್ಕಿಂತ ಈ ಗಿಂಡಿಯ ಲೆಕ್ಕ ನನ್ನನ್ನು ಕಾಪಾಡಿತು.

ಗಡಿಯ ವಿಷಯ

ನಾವು 1956ರಿಂದ ಕೇರಳದವರು. ದೊಡ್ಡ ಆಸ್ಪತ್ರೆಗೆ ಹೋಗುವುದು ಮಾತ್ರ ಮಂಗಳೂರಿಗೆ. ಕಾರ್ಡು ಮಲಯಾಳದಲ್ಲಿ, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿ, ಅತ್ತೆ ಓದುವುದು ಕನ್ನಡದಲ್ಲಿ. 2020ರ ಮಾರ್ಚ್ ಕೊನೆಗೆ ಕೋವಿಡ್ ಕಾರಣ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ದಾಟಲಾಗದೆ ನಿಂತರು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂದಿನಿಂದ ನಾನು ಒಂದು ತಿಂಗಳ ಇನ್ಸುಲಿನ್ ಯಾವಾಗಲೂ ಹೆಚ್ಚಿಗೆ ಇಟ್ಟುಕೊಳ್ತೇನೆ; ಹತ್ತಿರದ ವೈದ್ಯರಲ್ಲೂ ನನ್ನ ವಿವರ ಇರುವಂತೆ ನೋಡಿಕೊಳ್ತೇನೆ.

ಕೇರಳ ಸರ್ಕಾರದ 'ಮಿಠಾಯಿ' ಯೋಜನೆ ಟೈಪ್ 1 ಇರುವ ಮಕ್ಕಳಿಗೆ, ಹದಿಹರೆಯದವರಿಗೆ ನೆರವಾಗುತ್ತದೆ. ಆ ಹುಡುಗಿಯರು ನಾಳೆ ಮದುವೆಯಾಗ್ತಾರೆ. ಮೂರು ತಿಂಗಳು ಮೊದಲೇ ಬಾ ಎನ್ನುವ ವಾಕ್ಯ ಅವರ ಕಿವಿಗೆ ಈಗಲೇ, ಅವರ ಮನೆಮಾತಿನಲ್ಲಿ ಬೀಳಬೇಕು.

ಪ್ರಶ್ನೋತ್ತರ

ಸೊಲ್ಲಾಪುರ ಕಡೆಯ ಸಹಸಂಶೋಧಕಿ: "ನಮ್ಮ ಕಡಿ ಜ್ವಾಳದ ರೊಟ್ಟಿ ತಿಂದ್ರ ಶುಗರ್ ಏರೂದಿಲ್ಲ ಅಂತಾರಲ್ರೀ, ಅದು ಖರೇನ?"

ನಮ್ಮ ಕುಚ್ಚಲಕ್ಕಿಯ ಕತೆಯೇ ಅಕ್ಕಾ. 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಪಿಷ್ಟ ಉಂಟು. ನಿಧಾನವಾಗಿ ಏರಬಹುದು, ಏರುವುದಿಲ್ಲ ಅಂತಲ್ಲ. ತಿನ್ನಿ, ಆದರೆ ಲೆಕ್ಕಕ್ಕೆ ಹಿಡಿಯಿರಿ.

ಅಧ್ಯಾಪಕರೊಬ್ಬರು: "ನಾವು ಭಾಷೆಯವರು ಇದರಲ್ಲಿ ಏನು ಮಾಡಬಹುದು?"

ಸರ್, ಆ ಫ್ರಿಜ್ಜಿನ ಕಾಗದ ಕಾಸರಗೋಡಿನ ಕನ್ನಡದಲ್ಲಿ ಉಂಟು. ಅದು ಅಕ್ಕಲಕೋಟೆಯ, ತಾಳವಾಡಿಯ, ಮಡಕಶಿರದ ಕನ್ನಡದಲ್ಲೂ ಬೇಕು. ಪುಸ್ತಕದ ಕನ್ನಡದಲ್ಲಿ ಅಲ್ಲ, ರಾತ್ರಿ ಮೂರು ಗಂಟೆಗೆ ಗಾಬರಿಯಲ್ಲಿ ಓದಿದರೂ ಅರ್ಥವಾಗುವ ಕನ್ನಡದಲ್ಲಿ. ನಾಲ್ಕೇ ಸಾಲು. ನೀವೆಲ್ಲ ನಿಮ್ಮ ನಿಮ್ಮ ಊರಿನ ಮಾತಿನಲ್ಲಿ ಬರೆದು ಕಳಿಸಿ. ವೈದ್ಯರಿಗೆ ತೋರಿಸಿ ಸರಿಮಾಡಿಸುವ ಕೆಲಸ ನನ್ನದು.