ಕೊಂಡಿಯ ಎರಡು ಕೆಲಸ: ಜೀವಕೋಶದ ರಚನೆ ಮತ್ತು ಸಂಜ್ಞಾವಹನದಲ್ಲಿ ಡಿಸ್ಟ್ರೋಫಿನ್

ಜೀವಕೋಶವನ್ನು ರಸ ತುಂಬಿದ ಚೀಲವೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಅದರೊಳಗೆ ಪ್ರೋಟೀನುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಂತಿರುತ್ತವೆ. ಈ ಹೆಣಿಗೆಯೇ ಕೋಶಕ್ಕೆ ಆಕಾರವನ್ನೂ ಬಲವನ್ನೂ ಕೊಡುತ್ತದೆ. ಅದೇ ಹೆಣಿಗೆಯ ಮೂಲಕ ಸಂಜ್ಞೆಗಳೂ ಸಂಚರಿಸುತ್ತವೆ. ಆಧಾರ ಮತ್ತು ಸಂಜ್ಞೆ ಎಂಬ ಈ ಎರಡು ಕಾರ್ಯಗಳನ್ನು ಬೇರ್ಪಡಿಸಿ ನೋಡಲಾಗದು ಎಂಬುದಕ್ಕೆ ಡುಶೆನ್ ಸ್ನಾಯುಕ್ಷಯ ಒಂದು ಸ್ಪಷ್ಟ ನಿದರ್ಶನ. ಪ್ರಸ್ತುತ ಲೇಖನದಲ್ಲಿ ಆ ಕಾಯಿಲೆಯ ಹಿನ್ನೆಲೆಯಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ಪಾತ್ರವನ್ನು ವಿವೇಚಿಸಲಾಗಿದೆ.

ಬಾಲಕರಲ್ಲಿ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಈ ಕಾಯಿಲೆಗೆ ಫ್ರಾನ್ಸಿನ ವೈದ್ಯ ಡುಶೆನ್ ಅವರ ಹೆಸರು ಅಂಟಿಕೊಂಡಿದೆ. ಅವರು ಅದನ್ನು ವಿಸ್ತಾರವಾಗಿ ವರ್ಣಿಸಿದ್ದು 1860ರ ದಶಕದಲ್ಲಿ. ಅದಕ್ಕೂ ಮೊದಲು, 1852ರಲ್ಲಿ ಪ್ರಕಟವಾದ ಬರಹದಲ್ಲಿ ಲಂಡನ್ನಿನ ವೈದ್ಯ ಎಡ್ವರ್ಡ್ ಮೆರಿಯನ್ ಇಂತಹ ಬಾಲಕರ ನರಮಂಡಲ ಸ್ವಸ್ಥವಾಗಿದ್ದು, ಸ್ನಾಯುತಂತುವಿನ ಹೊರಪೊರೆ ಹರಿದುಹೋಗಿರುವುದನ್ನು ಗುರುತಿಸಿದ್ದರು. ಪೊರೆ ಹರಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು 135 ವರ್ಷಗಳು ಬೇಕಾದವು. ಅಮೆರಿಕೆಯ ಬಾಸ್ಟನ್ನಿನಲ್ಲಿ ಲೂಯಿಸ್ ಕುಂಕೆಲ್ ಅವರ ತಂಡ 1987ರಲ್ಲಿ ಈ ಬಾಲಕರಲ್ಲಿ ಇಲ್ಲವಾದ ಪ್ರೋಟೀನನ್ನು ಗುರುತಿಸಿ ಡಿಸ್ಟ್ರೋಫಿನ್ ಎಂದು ಹೆಸರಿಟ್ಟಿತು. ಇದು 3,685 ಅಮೈನೋ ಆಮ್ಲಗಳ ನೀಳವಾದ ಸರಪಳಿ.

ಡಿಸ್ಟ್ರೋಫಿನ್‌ನ ಒಂದು ತುದಿ ಕೋಶದೊಳಗಿನ ಆಕ್ಟಿನ್ ಎಳೆಗಳನ್ನು ಹಿಡಿದಿರುತ್ತದೆ. ಇನ್ನೊಂದು ತುದಿಯ ಭಾಗ ಪೊರೆಯನ್ನು ಹಾಯ್ದು ನಿಂತ ಡಿಸ್ಟ್ರೋಗ್ಲೈಕನ್‌ಗೆ ಅಂಟಿರುತ್ತದೆ. ಡಿಸ್ಟ್ರೋಗ್ಲೈಕನ್ ಹೊರಗಿನ ಲ್ಯಾಮಿನಿನ್‌ಗೆ ಜೋಡಿಕೊಂಡಿರುತ್ತದೆ. ಹೀಗೆ ಒಳಗಿನ ಎಳೆಗೂ ಹೊರಗಿನ ಆವರಣಕ್ಕೂ ಒಂದೇ ಸಾಲಿನ ಸಂಬಂಧ ಏರ್ಪಡುತ್ತದೆ. ಸ್ನಾಯು ಸಂಕುಚಿಸಿದಾಗ ಉಂಟಾಗುವ ಸೆಳೆತ ಈ ಸಾಲಿನ ಮೂಲಕ ಹರಡಿ ಪೊರೆ ರಕ್ಷಿಸಲ್ಪಡುತ್ತದೆ. ಡಿಸ್ಟ್ರೋಫಿನ್ ಇಲ್ಲದಿದ್ದಲ್ಲಿ ಪೊರೆ ಬಿರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ತಂತು ಸಾಯುತ್ತದೆ. ಕಾಲಕ್ರಮದಲ್ಲಿ ಸ್ನಾಯುವಿನ ಜಾಗವನ್ನು ಕೊಬ್ಬು ಮತ್ತು ನಾರಿನ ಅಂಗಾಂಶ ಆಕ್ರಮಿಸುತ್ತವೆ.

ಇದಿಷ್ಟೇ ಆಗಿದ್ದರೆ ಡಿಸ್ಟ್ರೋಫಿನ್ ಅನ್ನು ಕೇವಲ ಆಧಾರವೆನ್ನಬಹುದಿತ್ತು. ಆದರೆ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೊಂದು ಪೊರೆಯ ಬಳಿ ನೆಲೆ ನಿಲ್ಲುವುದೂ ಇದೇ ಪ್ರೋಟೀನಿನ ಆಸರೆಯಲ್ಲಿ. ದುಡಿಯುವ ಸ್ನಾಯುವಿಗೆ ಹೆಚ್ಚು ರಕ್ತ ಬೇಕೆಂಬ ಸಂಜ್ಞೆಯನ್ನು ರಕ್ತನಾಳಗಳಿಗೆ ಮುಟ್ಟಿಸುವುದು ಆ ನೈಟ್ರಿಕ್ ಆಕ್ಸೈಡ್. ಕಾಯಿಲೆಯ ಸ್ನಾಯುವಿನಲ್ಲಿ ಈ ಕಿಣ್ವ ಪೊರೆಯಿಂದ ಕಳಚಿಹೋಗುತ್ತದೆ ಎಂಬುದು 1995ರಲ್ಲಿ ಪ್ರಕಟವಾಯಿತು. ಅಂದರೆ ಕೊಂಡಿ ತಪ್ಪಿದಾಗ ಗೋಡೆ ಬಿರಿಯುವುದರ ಜೊತೆಗೆ ಸುದ್ದಿಯೂ ನಿಂತುಹೋಗುತ್ತದೆ.

ಡಿಸ್ಟ್ರೋಫಿನ್‌ನ ನಡುಭಾಗ ಪರಸ್ಪರ ಹೋಲುವ 24 ಪುನರಾವರ್ತನೆಗಳಿಂದ ಕೂಡಿದೆ. ದೀರ್ಘ ಮೌಖಿಕ ಕಾವ್ಯಗಳನ್ನು ಅಭ್ಯಸಿಸಿದವರಿಗೆ ಇದು ಅಪರಿಚಿತ ವಿನ್ಯಾಸವಲ್ಲ. ಹಾಡುಗಾರನು ವೇಳೆಗೆ ತಕ್ಕಂತೆ ಪುನರಾವರ್ತನೆಗಳನ್ನು ಕುಗ್ಗಿಸಬಲ್ಲ; ಆದಿ ಅಂತ್ಯಗಳನ್ನು ಬಿಡಲಾರ. ಇದೇ ವಂಶವಾಹಿಯ ದೋಷದಿಂದ ಬರುವ ಸೌಮ್ಯ ಸ್ವರೂಪದ ಬೆಕರ್ ಸ್ನಾಯುಕ್ಷಯದಲ್ಲಿ ಸಾಮಾನ್ಯವಾಗಿ ಆಗುವುದೂ ಇದೇ: ನಡುಭಾಗ ಕುಗ್ಗುತ್ತದೆ, ತುದಿಗಳು ಉಳಿಯುತ್ತವೆ. ಈ ವಂಶವಾಹಿಯ ಪ್ರೋಟೀನು ರೂಪಿಸುವ ಭಾಗದಲ್ಲಿ ಶೇ. 46ರಷ್ಟನ್ನು ಕಳೆದುಕೊಂಡಿದ್ದರೂ 61ನೆಯ ವಯಸ್ಸಿನಲ್ಲಿ ನಡೆದಾಡುತ್ತಿದ್ದ ವ್ಯಕ್ತಿಯೊಬ್ಬರ ವಿವರ 1990ರಲ್ಲಿ ವರದಿಯಾಯಿತು. ಸಂಕ್ಷಿಪ್ತ ಡಿಸ್ಟ್ರೋಫಿನ್ ಅನ್ನು ಚಿಕಿತ್ಸೆಯಾಗಿ ಕೊಡುವ ಆಲೋಚನೆಗೆ ಅದು ಬಲ ನೀಡಿತು.

ಅಂತಹ ಒಂದು ವಂಶವಾಹಿ ಚಿಕಿತ್ಸೆಗೆ 2023ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಆದರೆ ಅದೇ ವರ್ಷ ಪ್ರಕಟವಾದ ದೊಡ್ಡ ಪರೀಕ್ಷೆ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. 2025ರಲ್ಲಿ ಚಿಕಿತ್ಸೆ ಪಡೆದ ಇಬ್ಬರು ಡುಶೆನ್ ರೋಗಿಗಳು ಯಕೃತ್ತಿನ ವೈಫಲ್ಯದಿಂದ ಮೃತಪಟ್ಟದ್ದು ವರದಿಯಾಯಿತು. ಆ ಸಂಕ್ಷಿಪ್ತ ರೂಪದಲ್ಲಿ, ಮೇಲೆ ಹೇಳಿದ ಕಿಣ್ವವನ್ನು ಹಿಡಿದಿಡುವ 16 ಮತ್ತು 17ನೆಯ ಪುನರಾವರ್ತನೆಗಳಿಲ್ಲ ಎಂಬುದು ಗಮನಾರ್ಹ. ಹಿಡಿಯುವ ತುದಿಗಳನ್ನು ಉಳಿಸಿಕೊಂಡರೂ ಸಂಜ್ಞೆಯ ನೆಲೆಯನ್ನು ಅದು ಬಿಟ್ಟುಕೊಟ್ಟಿದೆ.

ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಆದ್ದರಿಂದ ದೋಷ ತಾಯಿಯಿಂದ ಬರುತ್ತದೆ, ಬಾಧೆ ಮಗನಿಗೆ ತಟ್ಟುತ್ತದೆ. ಇಂತಹ ಕಾಯಿಲೆಯನ್ನು ಶಾಪವೆಂದೋ ಹೆಣ್ಣಿನ ಮನೆತನದ ದೋಷವೆಂದೋ ಕಥೆಯಾಗಿಸುವುದು ಸುಲಭ. ಆದರೆ ಸುಮಾರು ಮೂರನೆಯ ಒಂದು ಭಾಗದಷ್ಟು ಪ್ರಕರಣಗಳಲ್ಲಿ ತಾಯಿ ದೋಷವಾಹಕಿಯೇ ಅಲ್ಲ. ಬದಲಾವಣೆ ಹೊಸದಾಗಿ ಉಂಟಾದುದು. ವಾಹಕಿಯಾಗಿದ್ದರೂ ಪ್ರತಿಯೊಬ್ಬ ಮಗನಿಗೆ ಅದು ದಾಟುವ ಸಂಭವ ಅರ್ಧದಷ್ಟು ಮಾತ್ರ, ಅದೂ ಆಕಸ್ಮಿಕ. ಕೊಂಡಿ ಎಲ್ಲಿ ಕಳಚಿದೆ ಎಂಬುದನ್ನು ನಮ್ಮ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳುವುದು ವಿಜ್ಞಾನ ಪ್ರಸಾರಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. ತಾಯಿಯೊಬ್ಬಳ ಮೇಲಿನ ಸಲ್ಲದ ಆರೋಪವನ್ನು ಇಳಿಸುವ ಕೆಲಸವೂ ಅದರಲ್ಲಿದೆ.